ತಾರ್ತುವಿನಲ್ಲಿ ನೆಲಕ್ಕೆ ಬಿದ್ದ ಸವಾಲು

ಸಂಗೀತಕ್ಕೆ ಭಾಷೆಯ ಹಂಗಿಲ್ಲವಂತೆ. ನಾವು ಎಸ್ಟೋನಿಯಾದಿಂದ ಮರಳಿದ ಮೇಲೆ ವಿಜಯಪುರದಲ್ಲಿ ಒಂದು ಸನ್ಮಾನ ನಡೆಯಿತು. ಅಲ್ಲಿ ಮೂವರು ಭಾಷಣಕಾರರು ಈ ಮಾತನ್ನೇ ಹೇಳಿದರು. ಮೂರನೆಯವರು ಮೊದಲಿಬ್ಬರ ಭಾಷಣದ ಹೊತ್ತಿಗೆ ಫೋನು ನೋಡುತ್ತಿದ್ದರೆಂದು ಕಾಣುತ್ತದೆ, ಈಗಷ್ಟೇ ಹೊಳೆದದ್ದೆಂಬಂತೆ ಹೇಳಿದರು. ಪತ್ರಿಕೆಯಲ್ಲಿ ಬಂದದ್ದೂ ಅದೇ. ತಿಕೋಟಾದ ಗೀಗೀ ಪದಕ್ಕೆ ಯುರೋಪಿನ ಸಭಾಂಗಣವೊಂದು ಎದ್ದು ನಿಂತಿತು, ಒಂದಕ್ಷರ ಅರ್ಥವಾಗದಿದ್ದರೂ ಜನ ಚಪ್ಪಾಳೆ ನಿಲ್ಲಿಸಲಿಲ್ಲ.

ಎದ್ದು ನಿಂತದ್ದು ನಿಜ, ಚಪ್ಪಾಳೆಯೂ ನಿಜ. ನಾನು ವೇದಿಕೆಯ ಎಡಬದಿಯಲ್ಲಿ ಮೈಕು ಹಿಡಿದುಕೊಂಡು ನಿಂತಿದ್ದೆ, ಸಾಕ್ಷಿ ಹೇಳಬಲ್ಲೆ. ಆದರೆ ಅವತ್ತು ನಮ್ಮ ಹಾಡುಗಾರ್ತಿ ಸಿದ್ದವ್ವ ಹಾಡಿದ್ದು ಒಂದು ಪ್ರಶ್ನೆ. ನೀವು ಯಾರನ್ನಾದರೂ ಪ್ರಶ್ನೆ ಕೇಳಿದಾಗ ಅವರು ಉತ್ತರದ ಬದಲು ಚಪ್ಪಾಳೆ ತಟ್ಟಿದರೆ ಏನು ತಿಳಿಯಬೇಕು? ಸಂಗೀತ ಗೆದ್ದಿತು ಎಂದೋ, ಪ್ರಶ್ನೆ ಮುಟ್ಟಲಿಲ್ಲ ಎಂದೋ? ಮುಟ್ಟಿಸಲೆಂದು ಅಷ್ಟು ದೂರ ಕರೆದೊಯ್ದಿದ್ದ ದುಭಾಷಿ ನಾನೇ. ಆದ್ದರಿಂದ ಆ ಸುಂದರವಾದ ಮಾತಿಗೆ ನನ್ನ ವಿರೋಧವಿದೆ. ಕಾರಣಗಳನ್ನು ಊರಿಂದೂರಿಗೆ ಹೇಳುತ್ತೇನೆ.

ಬಬಲೇಶ್ವರ

ವಿದೇಶ ಪ್ರವಾಸದ ಕಥೆ ಬಬಲೇಶ್ವರದಿಂದ ಶುರುವಾಗುವುದು ವಿಚಿತ್ರ ಎನ್ನಿಸಬಹುದು. ಆದರೆ ನಾವು ಹೊತ್ತೊಯ್ದ ಮುಖ್ಯ ಸಾಮಾನು ಸಿಕ್ಕಿದ್ದು ಅಲ್ಲಿಯೇ.

ಸಿದ್ದವ್ವ ತಿಕೋಟಾದವರು. ನಾಗೇಶಿ ಪದ ಹಾಡುತ್ತಾರೆ. ನಮ್ಮ ಕಡೆಯ ಗೀಗೀ ಪದಗಳಲ್ಲಿ ಎರಡು ಪಕ್ಷ: ಹೆಣ್ಣು ಹೆಚ್ಚು ಎನ್ನುವವರು ನಾಗೇಶಿ, ಗಂಡು ಹೆಚ್ಚು ಎನ್ನುವವರು ಹರದೇಶಿ. ಒಂದು ಮೇಳ ಪದದಲ್ಲೇ ಸವಾಲು ಹಾಕುತ್ತದೆ, ಎದುರಿನ ಮೇಳ ಪದದಲ್ಲೇ ಜವಾಬು ಕೊಡುತ್ತದೆ. ಒಂದು ಸವಾಲನ್ನು ಮೂರು ಸಲ ಹಾಕಬಹುದು. ಮೂರನೆಯ ಸಲಕ್ಕೂ ಜವಾಬು ಬರದಿದ್ದರೆ ಸೋತ ಪಕ್ಷದವನು ತನ್ನ ದಪ್ಪನ್ನು, ಅಂದರೆ ಎದೆಗವಚಿ ಬಾರಿಸುವ ಆ ಚರ್ಮದ ವಾದ್ಯವನ್ನು, ಗೆದ್ದವರ ಮುಂದೆ ನೆಲಕ್ಕಿಟ್ಟು ಬಿಟ್ಟುಕೊಡಬೇಕು. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಫಲಕ ಗೆದ್ದುಕೊಂಡು ಬಂದ ನನಗೆ ಈ ಏರ್ಪಾಡು ಬಹಳ ಹಿಡಿಸಿತ್ತು. ತೀರ್ಪುಗಾರರಿಲ್ಲ, ಗಂಟೆ ಬಾರಿಸುವವರಿಲ್ಲ. ಎದುರಾಳಿ ಉತ್ತರಿಸಿದನೋ ಇಲ್ಲವೋ, ಅಷ್ಟೇ ತೀರ್ಪು.

ಸಿದ್ದವ್ವನ ಎದುರಾಳಿ ಬಬಲೇಶ್ವರದ ಇಮಾಮಸಾಬ. ಇಪ್ಪತ್ತೆಂಟು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಸುತ್ತಲಿನ ಊರುಗಳ ಅಖಾಡಗಳಲ್ಲಿ ಬೈದುಕೊಂಡು ಹಾಡಿದವರು. ನಿಡೋಣಿಯಲ್ಲಿ ಒಂದು ಸಲ ಪದದ ನಡುವೆ ಇಮಾಮಸಾಬನ ದನಿ ಒಡೆಯಿತು. ಆಮೇಲೆ ಗಂಟಲಿನ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅಂದಿನಿಂದ ಸಿದ್ದವ್ವನಿಗೆ ಜವಾಬು ಕೊಡುವವರಿಲ್ಲ. ಬೇರೆ ಹರದೇಶಿ ಮೇಳಗಳಿವೆಯಲ್ಲ ಎಂದು ನಾನು ಕೇಳಿದ್ದೆ.

“ಅದಾವ. ಮೊಬೈಲನ್ಯಾಗ ನೋಡಿ ಪಾಠ ಮಾಡಿಕೊಂಡು ಬರತಾವ. ನಾ ಕೇಳಿದ್ದೊಂದು, ಅವು ಹೇಳೂದೊಂದು. ಎದುರಿಗಿನಾಂವ ಕಿವಿ ತೆರಕೊಂಡು ನಿಂತಿದ್ರಽ ನನ್ನ ಬಾಯಿ ತೆರೀತೈತಿ, ತಮ್ಮಾ.”

ತಾರ್ತು ಎಂಬ ಊರಿನ ವಿಶ್ವವಿದ್ಯಾಲಯದ ವೃಂದಗಾನ ಮೇಳದಿಂದ ಬಂದ ಆಮಂತ್ರಣವನ್ನು ನಾನು ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ: “ಎದುರ ನಿಂತು ಹಾಡತಾರೇನು?” ಪ್ರತಿ ವಸಂತಕ್ಕೆ ಆ ಮೇಳದವರು ಎರಡು ಪಕ್ಷವಾಗಿ ನಿಂತು ಹಾಡುವ ಯಾವುದಾದರೂ ಪರಂಪರೆಯವರನ್ನು ಕರೆಸುತ್ತಾರಂತೆ. ಹೌದು ಎಂದೆ. ಅಷ್ಟಕ್ಕೆ ಒಪ್ಪಿದರು.

ಹೊರಡುವ ಮುಂಚೆ ಇಮಾಮಸಾಬನನ್ನು ಕಾಣಲು ಹೋದೆವು. ಸಂತೆಯ ದಿನ. ಜೀಪಿನಿಂದ ಇಳಿದು ಬದನೆಕಾಯಿಯ ಗುಡ್ಡೆಗಳ ನಡುವೆ ದಾರಿ ಮಾಡಿಕೊಂಡು ಮನೆ ಮುಟ್ಟುವಷ್ಟರಲ್ಲಿ ಸಿದ್ದವ್ವನನ್ನು ಗುರುತಿಸಿ ಮೂವರು ಹಂಗಿಸಿದ್ದರು. “ಏನ್ ಬೇ ಸಿದ್ದವ್ವಾ, ಸಾಬಣ್ಣ ಸುಮ್ಮಾದಂತ ನೀನೂ ಸುಮ್ಮಾದ್ಯಾ? ಹರದೇಶ್ಯಾರು ಗೆದ್ದಂಗ ಆತಲ್ಲ!” ಆಕೆ ತಿರುಗಿಯೂ ನೋಡಲಿಲ್ಲ.

ಇಮಾಮಸಾಬ ಹೊರಸಿನ ಮೇಲೆ ಕೂತಿದ್ದರು. ಅವರು ಬೆರಳು, ಹುಬ್ಬು, ತುಟಿಗಳಲ್ಲಿ ಆಡುವ ಮಾತನ್ನು ಹೆಂಡತಿ ಹಜರತಬಿ ಕನ್ನಡಕ್ಕೆ ತಂದು ಹೇಳುತ್ತಿದ್ದರು.

“ಹೋಗಾಕತ್ತೇನಿ ಸಾಬಣ್ಣಾ,” ಎಂದರು ಸಿದ್ದವ್ವ.

ಇಮಾಮಸಾಬ ಎರಡು ಬೆರಳು ಮೂಗಿನ ಮುಂದೆ ಆಡಿಸಿದರು. “ಅಲ್ಲ್ಯರ ನಿನ್ನ ಸೊಕ್ಕ ಮುರಿಯವರು ಸಿಗತಾರೇನು ನೋಡ ಅಂತಾರ,” ಎಂದರು ಹಜರತಬಿ. ಆಮೇಲೆ ನನ್ನ ಕಡೆ ನೋಡಿ, “ನಾ ಏನೂ ಸೇರಸೂದಿಲ್ಲಪಾ, ಏನೂ ಬಿಡೂದಿಲ್ಲ. ಬೈದ್ರ ಬೈದಂಗಽ ಹೇಳತೇನಿ,” ಎಂದರು.

ಇಮಾಮಸಾಬ ಗೋಡೆಯ ಗೂಟಕ್ಕೆ ಕೈ ತೋರಿಸಿದರು. ಅವರ ದಪ್ಪು ಅಲ್ಲಿ ತೂಗುತ್ತಿತ್ತು, ಅಂಚಿಗೆ ಹಸಿರು ಬಟ್ಟೆಯ ಪಟ್ಟಿ. ಹಜರತಬಿ ಅದನ್ನು ಇಳಿಸಿ ಸೆರಗಿನಿಂದ ಒರೆಸಿದರು.

“ಅಲ್ಲೆ ಯಾರು ನಿನಗ ಜವಾಬ ಕೊಡತಾರ, ಇದನ್ನ ಅವರ ಕೈಯಾಗ ಕೊಡು ಅಂತಾರ. ಗೂಟಕ್ಕ ಇದ್ರ ಹುಳಾ ಹಿಡೀತೈತಿ. ದನಿ ಇದ್ದವರ ಕೈಯಾಗ ಇರಲಿ ಅಂತಾರ.”

ಸಿದ್ದವ್ವ ದಪ್ಪನ್ನು ತೆಗೆದುಕೊಂಡರು. ಇದೆಲ್ಲ ನನ್ನ ಎದುರಿಗೇ ನಡೆಯಿತು, ಪ್ರತಿ ಮಾತು ನನಗೆ ಕೇಳಿಸಿತು. ಹಿರಿಯರು ಹೀಗೆ ಏನೋ ಒಂದು ಹೇಳಿ ಕಳಿಸುತ್ತಾರೆ, ಬೀಳ್ಕೊಡುವ ರೀತಿ ಅದು ಎಂದುಕೊಂಡು ಹೊರಗೆ ಬಂದು ಒಂದು ಲಿಂಬು ಸೋಡಾ ಕುಡಿದೆ.

ವಿಮಾನ ನಿಲ್ದಾಣ

ಎರಡು ದಪ್ಪು, ಶ್ರುತಿಗೆ ಮೀಟುವ ಒಂಟಿತಂತಿಯ ತುಂತುಣಿ, ಒಂದು ಜೋಡಿ ತಾಳ, ಒಂದು ಚೀಲ ಖಡಕ್ ರೊಟ್ಟಿ. ಹಿಮ್ಮೇಳಕ್ಕೆ ಸಿದ್ದವ್ವನ ಸೊಸೆ ಶೋಭಾ ಮತ್ತು ಶೋಭಾಳ ಗೆಳತಿ ಕಸ್ತೂರಿ. ತಪಾಸಣೆಯ ಅಧಿಕಾರಿ ದಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಏನಿದೆ ಎಂದ.

“ಒಳಗ ಗಾಳಿ ಐತ್ರಿ. ಹಿಂದ ಬಯಲಽ ಐತಿ, ಕೈ ಹಾಕಿ ನೋಡ್ರಿ,” ಎಂದರು ಸಿದ್ದವ್ವ.

ಅವನಿಗೆ ಕನ್ನಡ ಬಾರದು. ಅನುಮಾನ ತೀರದೆ ಬೆರಳಿನಿಂದ ಒಂದೆರಡು ಸಲ ತಟ್ಟಿದ. ಸಿದ್ದವ್ವ ಅವನ ಮಣಿಕಟ್ಟು ಹಿಡಿದು ಬೆರಳು ಎಲ್ಲಿ ಬೀಳಬೇಕೆಂದು ತೋರಿಸಿಕೊಟ್ಟರು. ಹಿಂದಿನ ಸಾಲಿನವರು ಗೊಣಗಿದರು, ಶೋಭಾ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆತ ಎರಡನೆಯ ಸಲ ಸರಿಯಾಗಿ ತಟ್ಟಿ, ನಗದೆ, ನಮ್ಮನ್ನು ಬಿಟ್ಟ. ನಾನು ನಡುವೆ ಬಾಯಿ ಹಾಕದ ಕಾರಣ ಸುಸೂತ್ರವಾಗಿ ಮುಗಿದ ಏಕೈಕ ಸಂಭಾಷಣೆ ಅದು.

ತಾರ್ತು, ಮೊದಲ ದಿನ

ಆ ಊರಿನ ಹೊಳೆಯ ಹೆಸರಿಗೆ ಅವರ ಭಾಷೆಯಲ್ಲಿ ತಾಯಿಹೊಳೆ ಎಂದರ್ಥವಂತೆ. ಸಿದ್ದವ್ವ ಕೇಳಿದ ಕೂಡಲೆ “ನಾಗೇಶಿ ಊರು!” ಎಂದು ತೀರ್ಪು ಕೊಟ್ಟುಬಿಟ್ಟರು. ಮೇ ತಿಂಗಳು. ವಿಜಯಪುರದಲ್ಲಿ ಡಾಂಬರು ಕರಗುವ ಹೊತ್ತಿಗೆ ಇಲ್ಲಿ ಕಸ್ತೂರಿ ಎರಡು ಸ್ವೆಟರು ಹಾಕಿಕೊಂಡು ಹಲ್ಲು ಕಟಕಟಿಸುತ್ತಿದ್ದಳು.

ಮೇಳದ ಹುಡುಗಿ ಲೀಸ್ ನಮ್ಮನ್ನು ನೋಡಿಕೊಳ್ಳುವವಳು. ಮಧ್ಯಸ್ವರದ ಸಾಲಿನಲ್ಲಿ ನಿಂತು ಹಾಡುವವಳು, ಓದುವುದು ಮಣ್ಣಿನ ವಿಜ್ಞಾನ. ಆ ಮೇಳದಲ್ಲಿ ಸಂಗೀತವನ್ನೇ ಓದುವವರು ಯಾರೂ ಇಲ್ಲ. ವೈದ್ಯಕೀಯ, ಕಾನೂನು, ಗಣಿತ ಓದುತ್ತಾ ವಾರಕ್ಕೆ ಎರಡು ಸಂಜೆ ಸೇರಿ ಹಾಡುತ್ತಾರೆ. ಇದು ಅವರ ಅಜ್ಜಂದಿರ ಕಾಲದಿಂದ ನಡೆದು ಬಂದಿದೆ.

ಅಲ್ಲಿಯ ಜನರ ಒಂದು ಅಭ್ಯಾಸವನ್ನು ಇಲ್ಲಿಯೇ ಹೇಳಬೇಕು. ಅವರನ್ನು ಏನಾದರೂ ಕೇಳಿದರೆ ತಕ್ಷಣ ಉತ್ತರಿಸುವುದಿಲ್ಲ. ಸುಮ್ಮನಿರುತ್ತಾರೆ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಎದುರಿನವನಿಗೆ ಕೋಪ ಬಂದಿದೆ ಎಂದೋ ಕಿವಿ ಕೇಳಿಸುವುದಿಲ್ಲವೆಂದೋ ತಿಳಿದುಕೊಳ್ಳಬೇಕು. ಚಳಿಗಾಲ ಕಷ್ಟವೇ ಎಂದು ಲೀಸ್‌ಗೆ ಕೇಳಿದೆ. ಆಕೆ ಸುಮ್ಮನೆ ಇಪ್ಪತ್ತು ಹೆಜ್ಜೆ ನಡೆದಳು. ಅಷ್ಟರಲ್ಲಿ ನಾನೇ ಎರಡು ಸಂಭವನೀಯ ಉತ್ತರ ಕೊಟ್ಟು ಒಂದನ್ನು ಖಂಡಿಸಿಯೂ ಆಗಿತ್ತು. ಆಮೇಲೆ ಆಕೆ, “ಕಷ್ಟ, ಆದರೆ ನಮ್ಮದು,” ಎಂದಳು. ಎದುರು ಪಕ್ಷದ ಮೌನ ಎಂದರೆ ನನ್ನ ಸಮಯ ಎಂದು ಚರ್ಚಾಕೂಟಗಳಲ್ಲಿ ನನಗೆ ಕಲಿಸಿದ್ದಾರೆ. ಮೌನ ಕಂಡಲ್ಲಿ ಮಾತು ತುಂಬುವುದು ನನಗೆ ರೂಢಿ.

ಸಿದ್ದವ್ವನಿಗೆ ಆ ಮೌನದಿಂದ ತೊಂದರೆಯಾಗಲಿಲ್ಲ. ವಾಹನವೇ ಇಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ಎಲ್ಲರೂ ನಿಂತುಕೊಂಡದ್ದು ಮಾತ್ರ ಸಹಿಸಲಿಲ್ಲ. “ಯಾರಿಗಿ ಅಂಜಿ ನಿಂತಾರಿವರು? ದೀಪಕ್ಕೇನು?” ಎನ್ನುತ್ತಾ ದಾಟಿಯೇ ಬಿಟ್ಟರು. ಆ ಬದಿಯಲ್ಲಿ ನಿಂತು ನಮ್ಮನ್ನು ಕೈಬೀಸಿ ಕರೆದರು. ದೀಪ ಹಸಿರಾಗುವವರೆಗೆ ಲೀಸ್ ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಅವರ ಕಪ್ಪು ರೊಟ್ಟಿಯನ್ನು ಶೇಂಗಾ ಚಟ್ನಿಯ ಜತೆ ತಿಂದು ಸಿದ್ದವ್ವ, “ಹುಳಿ ಐತಿ. ಆದರ ಹಲ್ಲಿಗಿ ಕೆಲಸ ಕೊಡತೈತಿ, ಚಲೋ,” ಎಂದರು.

ಮರುದಿನ ಬೆಳಿಗ್ಗೆ ವಸತಿಗೃಹದಲ್ಲಿ ಬೆಂಕಿಯ ಎಚ್ಚರಿಕೆ ಗಂಟೆ ಅರಚಿಕೊಂಡಿತು. ತಂಪಿಗೆ ದಪ್ಪಿನ ಚರ್ಮ ಸಡಿಲಾಗಿತ್ತಂತೆ. ಊರಲ್ಲಾದರೆ ನಾಲ್ಕು ಕಡ್ಡಿ ಒಟ್ಟಿ ಬೆಂಕಿ ಕಾಸುತ್ತಿದ್ದರು. ಇಲ್ಲಿ ಶೋಭಾ ಅಡುಗೆಮನೆಯ ಕರೆಂಟಿನ ಒಲೆಯ ಮೇಲೆ ಇಮಾಮಸಾಬನ ದಪ್ಪು ಹಿಡಿದಿದ್ದಳು, ಹಸಿರು ಪಟ್ಟಿಯ ಒಂದು ಎಳೆ ಹೊತ್ತಿ ಹೊಗೆಯೆದ್ದಿತ್ತು. ಕಟ್ಟಡದ ವಿದ್ಯಾರ್ಥಿಗಳೆಲ್ಲ ಚಪ್ಪಲಿ ಹಾಕಿಕೊಂಡು ಅಂಗಳಕ್ಕಿಳಿದು ಸಾಲಾಗಿ ನಿಂತರು. ಯಾರೂ ಬೈಯಲಿಲ್ಲ. ಸಿದ್ದವ್ವ ದಪ್ಪನ್ನು ಕಿವಿಗೆ ಹಿಡಿದು ತಟ್ಟಿ ನೋಡಿ, “ಶ್ರುತಿ ಏರೇತಿ, ಸಾಕ,” ಎಂದರು.

“ನಿಮ್ಮದನ್ನು ಬಿಟ್ಟು ಇದನ್ಯಾಕ ಕಾಸಿದ್ರಿ?” ಎಂದು ಕೇಳಿದೆ.

“ನನ್ನದು ನನ್ನ ಕೈಯಾಗ ಇರತೈತಿ, ಹೆಂಗರ ನಡೀತೈತಿ. ಇದು ಮಂದಿ ಕೈಗಿ ಹೋಗೂದು. ಸಡ್ಲ ಇದ್ದದ್ದು ಕೊಡಬೇಕೇನು?”

ತಾರ್ತು, ತಾಲೀಮು

ಅವರ ಮೇಳದಲ್ಲಿ ಇಪ್ಪತ್ನಾಲ್ಕು ಮಂದಿ, ಯಾವ ವಾದ್ಯವೂ ಇಲ್ಲ. ಮೇಳ ನಡೆಸುವ ಕ್ರಿಸ್ಟಿ ಎಂಬಾಕೆ ಒಂದು ಸಣ್ಣ ಉಕ್ಕಿನ ಕವಲುಕಡ್ಡಿಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದು ಸ್ವರ ಗುನುಗಿದರು. ಸಿದ್ದವ್ವನಿಗೆ ಅದು ಬಹಳ ಮೆಚ್ಚುಗೆಯಾಯಿತು. ಆಮೇಲೆ ಹಾಡು ಶುರುವಾಯಿತು. ಒಂದು ದೀರ್ಘ ಸ್ವರ. ಎಷ್ಟು ದೀರ್ಘವೆಂದರೆ ಯಾವ ಎದೆಗೂ ಅಷ್ಟು ಉಸಿರಿರಲಾರದು, ಆದರೂ ಅದು ಕಡಿಯಲೇ ಇಲ್ಲ.

ಸಿದ್ದವ್ವ ಮುಂದಕ್ಕೆ ಬಾಗಿ ಅವರ ಬಾಯಿಗಳನ್ನು ಒಂದೊಂದಾಗಿ ನೋಡತೊಡಗಿದರು. ಆಮೇಲೆ ನನ್ನ ತೊಡೆಗೆ ಹೊಡೆದರು.

“ಕಳ್ಳರು! ಒಬ್ಬಾಕಿ ಉಸರ ತಗೊಳ್ಳಾಕ ಬಿಟ್ಟಾಗ ಬಾಜೂದಾಕಿ ಹಿಡಿದಿರತಾಳ. ಇಬ್ಬರೂ ಕೂಡಿ ಬಿಡೂದಿಲ್ಲ. ನಮ್ಮ ಹಿಮ್ಮೇಳ ಸೊಲ್ಲ ಎತ್ತೂದಿಲ್ಲೇನು, ಹಂಗ! ನಾ ಉಸರ ತಗೊಳ್ಳೂದರಾಗ ಶೋಭಾ ಗೀಯ ಗಾಗೀಯ ಅಂತ ಎತ್ತತಾಳ. ಇವರು ನಮ್ಮವರಽ ತಮ್ಮಾ.”

“ಇಲ್ಲವ್ವಾ, ಎರಡೂ ಬ್ಯಾರೆ,” ಎಂದೆ ನಾನು. “ಅವರದು ನಾಲ್ಕು ಸ್ವರ ಒಮ್ಮೆಲೇ ಹಾಡೂದು. ನಮ್ಮದು ಒಂದಽ ಧಾಟಿ. ಬುನಾದಿನೇ ಬ್ಯಾರೆ.”

“ಸಾಲಿ ಕಲತಾಂವ ಹೌದಪಾ ನೀನು. ನಾ ಉಸರಿನ ಮಾತ ಹೇಳಾಕತ್ತೇನಿ.”

ಆಕೆ ಹೇಳಿದ್ದೇ ಸರಿಯಿತ್ತು. ವಿಶ್ರಾಂತಿಯ ವೇಳೆ ಲೀಸ್ ಅದನ್ನೇ ವಿವರಿಸಿದಳು. ಪಕ್ಕದವರು ಉಸಿರು ತೆಗೆದುಕೊಳ್ಳುವಲ್ಲಿ ನೀನು ತೆಗೆದುಕೊಳ್ಳಬಾರದು ಎಂಬುದು ಮೇಳಕ್ಕೆ ಸೇರಿದವರಿಗೆ ಕಲಿಸುವ ಮೊದಲ ಪಾಠ. ಅವರ ಹಳ್ಳಿಗಳ ಹಳೆಯ ಪದಗಳಲ್ಲೂ ಮುಂದಾಳು ಒಂದು ಸಾಲು ಹಾಡಿದರೆ ಉಳಿದವರು ಅದರ ಕೊನೆಯನ್ನು ಹಿಡಿದು ಎತ್ತುತ್ತಿದ್ದರಂತೆ, ಪ್ರಶ್ನೆಗೆ ಉತ್ತರ ಕಟ್ಟುವ ಪದಗಳೂ ಇದ್ದವಂತೆ. ಇದನ್ನು ಸಿದ್ದವ್ವನಿಗೆ ಹೇಳಬೇಕಿತ್ತು. ಒಪ್ಪಿಕೊಂಡರೆ ವಾದದಲ್ಲಿ ನಾನು ಸೋತಂತೆ. ಆಮೇಲೆ ಹೇಳೋಣ ಎಂದುಕೊಂಡೆ.

ಲೀಸ್ ತನ್ನ ಸ್ವರಹಾಳೆಗಳ ಕಪ್ಪು ಕಡತವನ್ನೂ ತೋರಿಸಿದಳು. ಹೊದಿಕೆಯ ಒಳಬದಿಯಲ್ಲಿ ಒಂಬತ್ತು ಹೆಸರುಗಳಿದ್ದವು, ಬೇರೆ ಬೇರೆ ಕೈಬರಹ, ಕೊನೆಯದು ಅವಳದೇ. ಓದು ಮುಗಿಸಿ ಹೋಗುವವರು ಹೊಸಬರಿಗೆ ಕಡತ ಕೊಟ್ಟು ಹೋಗುತ್ತಾರೆ. ಸಿದ್ದವ್ವ ಆ ಹೆಸರುಗಳ ಮೇಲೆ ಬೆರಳಾಡಿಸಿ, “ಇವರೆಲ್ಲ ಎಲ್ಲದಾರೀಗ?” ಎಂದರು. ನೌಕರಿ, ಸಂಸಾರ, ಬೇರೆ ಊರು. “ಮತ್ತ ಹಾಡತಾರೇನು?” ಲೀಸ್ ಎಂದಿನಂತೆ ಬಹಳ ಹೊತ್ತು ಯೋಚಿಸಿದಳು. “ಕೆಲವರು. ಒಬ್ಬರೇ ಇದ್ದಾಗ,” ಎಂದಳು. ಇದನ್ನು ಮಾತ್ರ ನಾನು ಇದ್ದ ಹಾಗೆಯೇ ಅನುವಾದಿಸಿದೆ. ಸಿದ್ದವ್ವ ಕಡತ ಮುಚ್ಚಿ ಎರಡೂ ಕೈಯಿಂದ ಹಿಂದಿರುಗಿಸಿದರು.

ತಾರ್ತು, ಸಭಾಂಗಣ

ಇಳಿಬಿಸಿಲು ಎತ್ತರದ ಕಿಟಕಿಗಳಿಂದ ಬೀಳುತ್ತಿತ್ತು. ವೇದಿಕೆಯ ಬಲಕ್ಕೆ ಅವರ ಇಪ್ಪತ್ನಾಲ್ಕು ಮಂದಿ, ಎಡಕ್ಕೆ ನಮ್ಮ ಮೂವರು, ಪಕ್ಕದಲ್ಲಿ ನಾನು. ಕೈಯಲ್ಲಿ ರಟ್ಟಿನ ಚೀಟಿಗಳು. ಯಾವ ಪದಕ್ಕೆ ಏನು ಹೇಳಬೇಕೆಂದು ವಿಜಯಪುರದಲ್ಲೇ ಬರೆದುಕೊಂಡಿದ್ದೆ, ಪ್ರತಿಯೊಂದಕ್ಕೆ ಅರ್ಧ ನಿಮಿಷ.

ಸಿದ್ದವ್ವ ಎರಡು ಪದ ಹಾಡಿದರು, ಮೇಳದವರು ಎರಡು ಹಾಡಿದರು. ಕೊನೆಯದು ನಮ್ಮದು. ಆಕೆ ಇಮಾಮಸಾಬನ ದಪ್ಪನ್ನು ತಂದು ತಮಗೂ ಮೇಳದವರಿಗೂ ನಡುವೆ ನೆಲದ ಮೇಲಿಟ್ಟರು. ತಮ್ಮ ದಪ್ಪು ಬಾರಿಸುತ್ತಾ ನನ್ನ ಚೀಟಿಯಲ್ಲಿಲ್ಲದ ಪದವೊಂದನ್ನು ಎತ್ತಿದರು. ತಾಲೀಮಿನ ದಿನವೇ ಕಟ್ಟಿದ್ದಂತೆ, ಶೋಭಾ ಆಮೇಲೆ ಹೇಳಿದಳು.

*ಇಪ್ಪತ್ನಾಕ ಬಾಯಿ, ನಿಮಗೆಲ್ಲ ಒಂದಽ ಉಸರು*
*ಒಬ್ಬಾಕಿ ಬಿಟ್ಟಲ್ಲಿ ಇನ್ನೊಬ್ಬಾಕಿ ಹಿಡಿದಾರು*
*ಎತ್ತವರಿಲ್ಲದ ಸೊಲ್ಲು ನೆಲಕ ಬಿತ್ತಂದ್ರ*
*ಬಿದ್ದದ್ಯಾರ ದನಿ? ಹಾಡಿದವರದೋ, ಎತ್ತದವರದೋ?*

ಗೀಯ ಗಾಗೀಯ ಎಂದು ಹಿಮ್ಮೇಳ ಎತ್ತಿತು. ಸಿದ್ದವ್ವ ದಪ್ಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು.

ಸಭೆ ಸುಮ್ಮನಿತ್ತು. ಅದು ಆ ದೇಶದ ಮೌನ, ಉತ್ತರಕ್ಕೆ ಮುಂಚಿನದು. ಎರಡು ದಿನದಿಂದ ಅದನ್ನು ನೋಡುತ್ತಿದ್ದ ನನಗೆ ಗೊತ್ತಾಗಬೇಕಿತ್ತು. ಕ್ರಿಸ್ಟಿ ನನ್ನ ಬಳಿಗೆ ಬಂದು ಮೆಲ್ಲಗೆ ಕೇಳಿದರು: “ಅವರು ನಮ್ಮನ್ನು ಏನೋ ಕೇಳುತ್ತಿದ್ದಾರಲ್ಲವೆ?”

ನನ್ನ ತಲೆಯಲ್ಲಿ ಆಗ ಮೂರು ಯೋಚನೆಗಳು ಒಟ್ಟಿಗೆ ಓಡಿದವು. ಒಂದು, ಕರೆಸಿ ಉಣ್ಣಿಸಿದವರಿಗೆ ವೇದಿಕೆಯ ಮೇಲೆ ಸವಾಲು ಹಾಕುವುದು ಒರಟುತನ. ಎರಡು, ಪ್ರಶ್ನೆಯಲ್ಲಿ ಎರಡೇ ಆಯ್ಕೆ ಕೊಟ್ಟಿದ್ದಾರೆ, ಮೂರನೆಯದು ಇರಲಾರದೆಂದು ಯಾರು ಹೇಳಿದರು, ಇದು ತರ್ಕದೋಷ. ಮೂರು, ಕಾರ್ಯಕ್ರಮ ಮುಗಿಯಲು ಎರಡು ನಿಮಿಷ. ಎರಡನೆಯದರ ಬಗ್ಗೆ ಇಂದಿಗೂ ನಾಚಿಕೆಯಾಗುತ್ತದೆ. ಆ ಹೊತ್ತಿನಲ್ಲಿ ನಾನು ಅಂಕ ಕೊಡುತ್ತಿದ್ದೆ.

ಮೈಕಿನಲ್ಲಿ ಹೇಳಿದೆ: “ನಿಮ್ಮ ಇಪ್ಪತ್ನಾಲ್ಕು ದನಿಗಳು ಒಂದೇ ಉಸಿರಿನಂತಿವೆ ಎಂದು ಸಿದ್ದವ್ವ ನಿಮ್ಮನ್ನು ಹೊಗಳಿದ್ದಾರೆ.”

ಸುಳ್ಳು ಎನ್ನಲಾಗದು, ಮೊದಲ ಸಾಲು ಅದೇ. ಚಪ್ಪಾಳೆ ಬಿತ್ತು.

ಸಿದ್ದವ್ವ ಚಪ್ಪಾಳೆ ನಿಲ್ಲುವವರೆಗೆ ಕಾದರು. ದಪ್ಪು ತೆಗೆದು ಅದೇ ಸವಾಲನ್ನು ಎರಡನೆಯ ಸಲ ಹಾಕಿದರು, ಕೊನೆಯ ಸಾಲನ್ನು ಬಿಡಿಸಿ ಬಿಡಿಸಿ, ಮಕ್ಕಳಿಗೆ ಹೇಳಿದ ಹಾಗೆ. ಮತ್ತೆ ಚಪ್ಪಾಳೆ, ಇನ್ನೂ ಜೋರು. ಮೇಳದವರೂ ತಟ್ಟಿದರು. ಲೀಸ್ ಮಾತ್ರ ಕೈ ಎತ್ತಿಕೊಂಡು ತಟ್ಟದೆ ನನ್ನತ್ತ ನೋಡಿದಳು. ನಾನು ಮುಗುಳ್ನಕ್ಕೆ.

ಮೂರನೆಯ ಸಲ ಸಿದ್ದವ್ವ ಬಾರಿಸಲಿಲ್ಲ, ಬರೀ ಬಾಯಿಯಲ್ಲಿ ಹಾಡಿದರು. ಮೇಳದ ಕಡೆ ನೋಡಲಿಲ್ಲ. ಎಡಕ್ಕೆ ತಿರುಗಿ ನನ್ನ ಕಡೆ ನೋಡಿ ಹಾಡಿದರು. ಸಾಕು ಮಾಡಿಸು ಎಂಬ ಸೂಚನೆ ಇರಬೇಕೆಂದು ತಿಳಿದು ನಾನು ಮೈಕಿನಲ್ಲಿ ಧನ್ಯವಾದ ಹೇಳಿದೆ. ಸಭೆ ಎದ್ದು ನಿಂತಿತು. ಪತ್ರಿಕೆಯಲ್ಲಿ ಬಂದ ಫೋಟೋ ಆ ಗಳಿಗೆಯದು. ಅದರಲ್ಲಿ ನೆಲದ ಮೇಲೆ ಒಂದು ದಪ್ಪು ಕಾಣುತ್ತದೆ, ಯಾರೂ ಕೇಳಲಿಲ್ಲ ಅದು ಅಲ್ಲಿ ಯಾಕಿತ್ತೆಂದು.

ಒಳಕೋಣೆಯಲ್ಲಿ ಸಿದ್ದವ್ವ ಹಸಿರು ಪಟ್ಟಿಯ ಸುಟ್ಟ ಎಳೆಯನ್ನು ಬೆರಳಿನಿಂದ ಕೀಳುತ್ತಾ ಕೂತಿದ್ದರು.

“ಯಾಕ ಏನೂ ಅನ್ನಲಿಲ್ಲ ಅವರು?”

“ಬಾಳ ಹಿಡಿಸೇತ್ರಿ ಅವರಿಗೆ. ಎದ್ದು ನಿಂತಿದ್ರಲ್ಲ.”

“ಎದ್ದು ನಿಂತದ್ದು ನಾನೂ ನೋಡೇನಿ, ಕಣ್ಣದಾವ ನನಗ. ನಾ ಕೇಳಿದ್ದಕ್ಕ ಏನಂದ್ರು?”

ಇಲ್ಲಿಯಾದರೂ ನಿಜ ಹೇಳಬಹುದಿತ್ತು. ಮೇಳದವರು ಪಕ್ಕದ ಕೋಣೆಯಲ್ಲಿ ಕೋಟು ಹಾಕಿಕೊಳ್ಳುತ್ತಿದ್ದರು, ಕರೆಯಬಹುದಿತ್ತು. ತಪ್ಪಾಯಿತು ಎನ್ನಲು ಬೇಕಿದ್ದದ್ದು ಐದು ಸೆಕೆಂಡು. ನಾನು ಹೇಳಿದ್ದು: “ಅವರಿಗೆ ಜವಾಬು ಹೊಳೀಲಿಲ್ಲವ್ವಾ.”

ಆಕೆ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. “ಹಂಗಾರ ನಾ ಗೆದ್ದೆ,” ಎಂದರು. ದಪ್ಪನ್ನು ಸೀರೆಯ ತುಂಡಿನಲ್ಲಿ ಸುತ್ತಿ ಗಂಟು ಹಾಕಿದರು. ಶೋಭಾ ಕುಣಿಯುವಂತೆ ಎದ್ದು, “ಯತ್ತೀ, ಫಾರಿನ್ನಾಗ ಗೆದ್ದಾಕಿ!” ಎಂದಳು. ಸಿದ್ದವ್ವ, “ಸುಮ್ಮ ಕುಂಡ್ರಲೇ,” ಎಂದರು.

ವಿಜಯಪುರ

ಸನ್ಮಾನದ ಮಾತು ಆಗಲೇ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಅದಕ್ಕೆ ಮುಂಚಿನದು. ಊರಿಗೆ ಬಂದ ಮಾರನೆಯ ದಿನವೇ ಸಿದ್ದವ್ವ ಬಬಲೇಶ್ವರಕ್ಕೆ ಹೋಗಿ, ಅಲ್ಲಿ ಯಾರಿಗೂ ಜವಾಬು ಹೊಳೆಯಲಿಲ್ಲ ಎಂದು ಹೇಳಿ ಇಮಾಮಸಾಬನ ದಪ್ಪನ್ನು ಹಿಂದಕ್ಕೆ ಕೊಟ್ಟರಂತೆ. ಅವರು ತೆಗೆದುಕೊಳ್ಳಲಿಲ್ಲವಂತೆ. ಜವಾಬು ಬರದಿದ್ದರೆ ದಪ್ಪು ಗೆದ್ದಾಕಿಯದು. ನಿಡೋಣಿಯಲ್ಲಿ ನಿಂತುಹೋಗಿದ್ದ ಸ್ಪರ್ಧೆಯೂ ಇದರೊಂದಿಗೆ ಮುಗಿಯಿತು, ಇಟ್ಟುಕೋ ಎಂದರಂತೆ. ಹಜರತಬಿ ಏನೂ ಸೇರಿಸದೆ, ಏನೂ ಬಿಡದೆ ಅದನ್ನು ಹೇಳಿರುತ್ತಾರೆ.

ಆಮೇಲೆ ಸಿದ್ದವ್ವ ಹಾಡಲಿಲ್ಲ. ಅರಕೇರಿಯವರು ಹಾಡಿಕೆಗೆ ಕರೆದು ವೀಳ್ಯ ಕೊಡಲು ಬಂದರೆ, “ಎಲ್ಲಾರನ್ನೂ ಗೆದ್ದು ಕುಂತೇನಿ, ಇನ್ನ ಯಾರ ಜೋಡಿ ಹಾಡ್ಲಿ?” ಎಂದು ಕಳಿಸಿದರು. ಊರವರು ಇದನ್ನು ಸೊಕ್ಕು ಎಂದರು. ವಿದೇಶಕ್ಕೆ ಹೋಗಿ ಬಂದ ಮೇಲೆ ದೊಡ್ಡಾಕಿ ಆದಳು ಎಂದರು. ಈ ಮಾತುಗಳನ್ನು ಶೋಭಾ ಫೋನಿನಲ್ಲಿ ಹೇಳಿದಾಗಲೂ ನಾನು ತುಟಿ ಬಿಚ್ಚಲಿಲ್ಲ.

ಮಳೆಗಾಲ ಮುಗಿದ ಮೇಲೆ ಲೀಸ್‌ಳ ಪತ್ರ ಬಂತು. ಮೇಳದ ದಾಖಲೆ ಪುಸ್ತಕಕ್ಕೆ ಕೊನೆಯ ಪದದ ಅರ್ಥವನ್ನು ಸಾಲು ಸಾಲಾಗಿ ಬರೆದು ಕಳಿಸಲು ಕೇಳಿದ್ದಳು. ಬರವಣಿಗೆಯಲ್ಲಿ ಒಂದೇ ಸಾಲು ಕಳಿಸಿ ಪಾರಾಗುವಂತಿರಲಿಲ್ಲ. ನಾಲ್ಕೂ ಸಾಲು ಕಳಿಸಿದೆ, ಸವಾಲಿನ ಪದ್ಧತಿಯನ್ನೂ ನೆಲದ ಮೇಲಿದ್ದ ದಪ್ಪಿನ ಸಂಗತಿಯನ್ನೂ ಬರೆದೆ. ಅವಳ ಉತ್ತರಕ್ಕೆ ಹನ್ನೊಂದು ದಿನ ಹಿಡಿಯಿತು. ಈ ಸಲ ನಾನು ಕಾದೆ.

“ಅದು ಪ್ರಶ್ನೆ ಎಂದು ನನಗೆ ಅನ್ನಿಸಿತ್ತು,” ಎಂದು ಬರೆದಿದ್ದಳು. “ನೀವು ನಕ್ಕಿರಿ, ನಾನು ನಿಮ್ಮನ್ನು ನಂಬಿದೆ. ಪ್ರಶ್ನೆ ಹಾಡಿದವರನ್ನು ನಾವು ಹಾಗೆ ನಿಲ್ಲಿಸಿಬಿಡುವವರಲ್ಲ. ಅಲ್ಲಿಯೇ ಏನಾದರೂ ಕಟ್ಟಿ ಹಾಡುತ್ತಿದ್ದೆವು, ಚೆನ್ನಾಗಿರದಿದ್ದರೂ. ಈಗ ಹಾಡಿ ಕಳಿಸೋಣವೆಂದು ಕ್ರಿಸ್ಟಿಯನ್ನು ಕೇಳಿದೆ. ಕೇಳಿದ್ದು ಯಾರನ್ನು ಎಂದರು ಅವರು. ಅವತ್ತಿನ ಇಪ್ಪತ್ನಾಲ್ಕರಲ್ಲಿ ಹತ್ತು ಮಂದಿ ಓದು ಮುಗಿಸಿ ಹೋದರು. ನಾನೂ ಹೋದೆ. ನನ್ನ ಕಡತದಲ್ಲಿ ಈಗ ಹತ್ತನೆಯ ಹೆಸರಿದೆ. ಆ ಮೇಳ ಇನ್ನಿಲ್ಲ.”

ವಿಶ್ವವಿದ್ಯಾಲಯದ ಮೇಳದ ಪರಂಪರೆ ಇರುವುದೇ ಹಾಗೆ. ಹಾಡು ಉಳಿಯುತ್ತದೆ, ಬಾಯಿಗಳು ಬದಲಾಗುತ್ತವೆ. ನನಗೆ ಇದು ತಾರ್ತುವಿನಲ್ಲೇ ಗೊತ್ತಿತ್ತು, ಒಂಬತ್ತು ಹೆಸರುಗಳನ್ನು ಕಣ್ಣಾರೆ ಓದಿದ್ದೆ.

ತಿಕೋಟಾ

ಹೋದ ವಾರ ತಿಕೋಟಾಕ್ಕೆ ಹೋದೆ. ಸಿದ್ದವ್ವ ಬಾಗಿಲ ಬಳಿ ಕೌದಿ ಹೊಲಿಯುತ್ತಾ ಕೂತಿದ್ದರು. ಒಳಗಿನ ಗೋಡೆಗೆ ಎರಡು ದಪ್ಪು, ಅಕ್ಕಪಕ್ಕದ ಗೂಟಗಳಲ್ಲಿ.

“ಬಾರಪಾ ಫಾರಿನ್ನಾಂವ,” ಎಂದರು. “ಚಹಾ ಇಡು ಶೋಭಾ.”

ಪೀಠಿಕೆ ಹಾಕದೆ ಹೇಳಿದೆ. ಅವರಿಗೆ ಜವಾಬು ಹೊಳೆಯಲಿಲ್ಲ ಎಂದದ್ದು ಸುಳ್ಳು, ಅವರಿಗೆ ಸವಾಲೇ ಮುಟ್ಟಿರಲಿಲ್ಲ, ನಾನು ಹೇಳಿದ್ದು ಮೊದಲ ಸಾಲು ಮಾತ್ರ. ಲೀಸ್‌ಳ ಪತ್ರವನ್ನೂ ಕನ್ನಡದಲ್ಲಿ ಓದಿದೆ, ಏನೂ ಸೇರಿಸದೆ, ಏನೂ ಬಿಡದೆ. ‘ನೀವು ನಕ್ಕಿರಿ, ನಾನು ನಿಮ್ಮನ್ನು ನಂಬಿದೆ’ ಎಂಬುದನ್ನೂ ಬಿಡಲಿಲ್ಲ.

ಒಳಗೆ ಶೋಭಾಳ ಕೈಯಲ್ಲಿ ಕಪ್ಪು ಬಸಿ ಟಕ್ಕೆಂದಿತು. ಸಿದ್ದವ್ವನ ಸೂಜಿ ನಿಲ್ಲಲಿಲ್ಲ. ಒಂದು ಸಾಲು ಹೊಲಿದು ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಇನ್ನೊಂದು ದಾರ ಪೋಣಿಸತೊಡಗಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸಮರ್ಥನೆಗೆ ಎರಡು ಮಾತನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ.

“ಹತ್ತು ಮಂದಿ ಹೋದ್ರಂತೇನು?” ಎಂದಷ್ಟೇ ಕೇಳಿದರು.

“ಹೌದ್ರಿ.”

“ಆ ಮಣ್ಣು ಓದಾಕಿನೂ?”

“ಆಕಿನೂ.”

ಚಹಾ ಬಂತು, ಆರಿತು. ಗೋಡೆಯ ಮೇಲಿನ ಹಸಿರು ಪಟ್ಟಿಯಲ್ಲಿ ಸುಟ್ಟ ಜಾಗ ಕೂತಲ್ಲಿಂದಲೇ ಕಾಣುತ್ತಿತ್ತು. ಇಷ್ಟು ತಿಂಗಳು ಒಳಗೇ ತಿರುಗುತ್ತಿದ್ದ ಮಾತು ನನ್ನ ಬಾಯಿಗೆ ಬಂದಿತ್ತು. ಅದನ್ನು ಆಡಿದರೆ ಒಂದೋ ನನ್ನ ತಪ್ಪು ಅರ್ಧವಾಗುತ್ತದೆ, ಇಲ್ಲವೋ ಎರಡರಷ್ಟಾಗುತ್ತದೆ ಎಂದು ಗೊತ್ತಿದ್ದೂ ಆಡಿದೆ.

“ಯವ್ವಾ, ಮೂರನೇ ಸಲ ಹಾಡುವಾಗ ನೀವು ಅವರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ್ರಿ. ನಾ ಅವರಿಗೆ ಹೇಳಿಲ್ಲ ಅನ್ನೂದು ನಿಮಗ ಆಗಲೇ ಗೊತ್ತಾಗಿತ್ತೇನ್ರಿ?”